ಗಣಿತ ಬೇಕೋ ಬ್ಯಾಡೋ? ಲೆಕ್ಕ ಹಾಕಿ ಹೇಳ್ರಿ!

ನಮ್ಮ ಕಡೆ ಕೂಸುಗಳು ಶಾಲೆಯ ಮೆಟ್ಟಿಲು ಹತ್ತುವ ಮೊದಲೇ ಲೆಕ್ಕ ಕಲಿತಿರುತ್ತವೆ. ಅಜ್ಜಿ ಅಣ್ಣನ ಕೈಗೆ ಮೂರು ಶೇಂಗಾ ಉಂಡಿ ಕೊಟ್ಟು ತಮ್ಮನ ಕೈಗೆ ಎರಡೇ ಕೊಡಲಿ, ಆಮೇಲೆ ನೋಡಿ! ಆ ಕೂಸು ಪಡಸಾಲೆಯಲ್ಲಿ ಹೊರಳಾಡಿ ಎಬ್ಬಿಸುವ ಗದ್ದಲಕ್ಕೆ ವ್ಯವಕಲನ ಎನ್ನದೆ ಬೇರೆ ಏನು ಹೆಸರಿಡಬೇಕು? ಮೂರರಲ್ಲಿ ಎರಡು ಹೋದರೆ ಒಂದು ಉಳಿಯುತ್ತದೆ, ಆ ಒಂದು ನನಗೇ ಬರಬೇಕು ಎಂಬುದು ಅದಕ್ಕೆ ಯಾರೂ ಹೇಳಿಕೊಟ್ಟ ಪಾಠವಲ್ಲ.

ತೊಂದರೆ ಶುರುವಾಗುವುದು ಹೆಸರು ಬದಲಾದ ಮೇಲೆ. ಮನೆಯಲ್ಲಿ 'ಲೆಕ್ಕ' ಎಂದು ಕರೆಸಿಕೊಳ್ಳುತ್ತಿದ್ದದ್ದು ಶಾಲೆಗೆ ಹೋಗಿ 'ಗಣಿತ' ಆಗುತ್ತದೆ. ಮನೆಯಲ್ಲಿ ಪುಟ್ಟ್ಯಾ ಆಗಿದ್ದವನು ಹಾಜರಿ ಪುಸ್ತಕದಲ್ಲಿ ಬೇರೆಯೇ ಆಗಿಬಿಡುವ ಹಾಗೆ. ಲೆಕ್ಕಕ್ಕೆ ಹೆದರುವವರನ್ನು ಗದಗ ಜಿಲ್ಲೆಯಲ್ಲಿ ನಾನು ನೋಡಿಲ್ಲ. ಗಣಿತಕ್ಕೆ ಹೆದರದವರನ್ನೂ ಅಷ್ಟಾಗಿ ನೋಡಿಲ್ಲ.

ಹಾಗಾಗಿ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗಲೆಲ್ಲ ಕಟ್ಟೆಯ ಮೇಲೆ, ಚಹಾದಂಗಡಿಯಲ್ಲಿ ಒಂದೇ ಮಾತು: 'ಈ ಗಣಿತ ಅನ್ನೂದನ್ನ ಸಾಲ್ಯಾಗ ಯಾಕರ ಕಲಸ್ತಾರೋ ಮಾರಾಯ!' ಹಾಗೆ ಅಂದವರೇ ಮರುಕ್ಷಣ ಎಷ್ಟು ಮಂದಿ ಪಾಸು, ಶೇಕಡಾ ಎಷ್ಟು, ಜಿಲ್ಲೆ ಹೋದ ವರ್ಷಕ್ಕಿಂತ ಎಷ್ಟು ಸ್ಥಾನ ಮೇಲೆ ಎಂದು ಬೆರಳು ಮಡಚತೊಡಗುತ್ತಾರೆ. 2025-26ನೇ ಸಾಲಿನಿಂದ ಒಟ್ಟು ಅಂಕಗಳಲ್ಲಿ ಶೇ 33, ಪ್ರತಿ ವಿಷಯದಲ್ಲಿ ಕನಿಷ್ಠ ಶೇ 30 ಬಂದರೆ ಪಾಸು ಎಂದಾಗ ಮಕ್ಕಳೆಲ್ಲ ಕುಣಿದರು. 625ಕ್ಕೆ 206 ಬಂದರೆ ಸಾಕು ಎಂದು ವಿವರವೂ ಬಂತು. ನನ್ನ ರೂಮ್‌ಮೇಟ್ ಸುಮ್ಮನಿರಬೇಕಲ್ಲ, ಮೊಬೈಲಿನ ಕ್ಯಾಲ್ಕುಲೇಟರ್ ಒತ್ತಿ ನೋಡಿದ. 625ರ ಶೇ 33 ಅಂದರೆ 206 ಅಲ್ಲ, 206.25! ಪಾಸಾಗುವವನು ಗಣಿತದಲ್ಲಿ ಪಾಸಾಗುವ ಮೊದಲೇ ಕಾಲು ಅಂಕ ಉಚಿತ. ಇಷ್ಟು ಉದಾರಿಯಾದ ಗಣಿತವನ್ನು ಬೈಯಲು ಮನಸ್ಸಾದರೂ ಹೇಗೆ ಬರುತ್ತದೋ! ಅದಕ್ಕಿಂತ ಮದುವೆಯೇ ಕಠಿಣ. ಜಾತಕದಲ್ಲಿ 36ಕ್ಕೆ 18 ಗುಣ ಕೂಡಿಬರಬೇಕು ಅನ್ನುತ್ತಾರೆ, ಅಂದರೆ ಶೇ 50. ಗ್ರೇಸ್ ಮಾರ್ಕ್ಸೂ ಇಲ್ಲ, ಪರೀಕ್ಷೆ-2 ಪರೀಕ್ಷೆ-3 ಅಂತೂ ಇಲ್ಲವೇ ಇಲ್ಲ.

ಈ ಕಟ್ಟೆಯ ಮಾತನ್ನೇ ನಮ್ಮ ಕಾಲೇಜಿನಲ್ಲಿ ಒಮ್ಮೆ ಚರ್ಚಾ ಸ್ಪರ್ಧೆಗೆ ವಿಷಯವಾಗಿ ಇಟ್ಟರು: 'ಶಾಲೆಗಳಲ್ಲಿ ಗಣಿತ ಕಲಿಸಬೇಕೆ?' ಸಭಾಂಗಣ ತುಂಬಿತ್ತು. ಬಿಇ ಓದುವವರೆಲ್ಲ ಗಣಿತಪ್ರಿಯರು ಅಂದುಕೊಂಡವರು ಅವತ್ತು ಅಲ್ಲಿರಬೇಕಿತ್ತು. ಎಂ-1, ಎಂ-2 ಅಂತ ಸೆಮಿಸ್ಟರಿಗೊಂದರಂತೆ ಬರುವ ಗಣಿತದ ಪೇಪರುಗಳಿಂದ ನೊಂದವರೇ ಮುಂದಿನ ಸಾಲಿನಲ್ಲಿ ಕುಳಿತಿದ್ದರು. ನಮ್ಮಲ್ಲೊಂದು ಮಾತಿದೆ: ಓಣಿಯ ಟ್ರಾನ್ಸ್‌ಫಾರ್ಮರ್ ಸುಟ್ಟರೆ ಹೆಸ್ಕಾಂನವರಾದರೂ ಬರುತ್ತಾರೆ, ಪರೀಕ್ಷೆಯಲ್ಲಿ ಲ್ಯಾಪ್ಲಾಸ್ ಟ್ರಾನ್ಸ್‌ಫಾರ್ಮ್ ಸುಟ್ಟರೆ ಯಾರೂ ಬರುವುದಿಲ್ಲ. ಅವತ್ತು ನನ್ನದು ಸಮಯ ನೋಡಿ ಗಂಟೆ ಬಾರಿಸುವ ಕೆಲಸ.

'ಬೇಕು' ಎಂಬ ತಂಡದವರು ಗಣಿತ ವಿಜ್ಞಾನಗಳ ರಾಣಿ ಎಂದು ಶುರುಮಾಡಿ ರಾಣಿಯನ್ನು ಅಂತಃಪುರದಿಂದ ಹೊರಗೆ ಕರೆತರುವಷ್ಟರಲ್ಲಿ ಗಂಟೆ ಹೊಡೆಯಿತು. 'ಬೇಡ' ಎಂಬ ತಂಡದಿಂದ ಸಿವಿಲ್ ವಿಭಾಗದವನೊಬ್ಬ ಎದ್ದ, ಮುಂಡರಗಿ ಕಡೆಯವನು. ಅವನ ಮಾತು ಹೀಗಿತ್ತು: 'ನೂರಕ್ಕ ತೊಂಬತ್ತು ಮಂದಿಗೆ ಸಾಲ್ಯಾಗ ಕಲ್ತ ಗಣಿತ ಜೀವನದಾಗ ಉಪಯೋಗ ಬೀಳಂಗಿಲ್ರಿ. ಉಳಿದ ಹತ್ತು ಮಂದಿಯೊಳಗ ಎಂಟು ಮಂದಿ ಗಣಿತದ ಮಾಸ್ತರ್ ಆಗ್ಯಾರ. ಇನ್ನ ಹತ್ತು ವರ್ಷ ಸಾಲಿ ಅಂತ ಹಿಡೀರಿ, ವರ್ಷಕ್ಕ ಇನ್ನೂರು ದಿನ, ದಿನಕ್ಕ ಒಂದು ತಾಸು ಗಣಿತ. ಒಟ್ಟು ಎರಡು ಸಾವಿರ ತಾಸು. ಇಪ್ಪತ್ನಾಲ್ಕರಿಂದ ಭಾಗಿಸ್ರಿ, ಎಂಬತ್ಮೂರು ದಿನ ಎಂಟು ತಾಸು. ಊಟ ನಿದ್ದಿ ಇಲ್ದ ಎಂಬತ್ಮೂರು ದಿನ ಒಬ್ಬ ಮನಷ್ಯಾನ್ನ ಕೂಡ್ರಿಸಿ ಗಣಿತ ಹೇಳೂದಂದ್ರ ಇದು ಶಿಕ್ಷಣ ಅಲ್ರಿ, ಶಿಕ್ಷೆ!'

ಚಪ್ಪಾಳೆಯೋ ಚಪ್ಪಾಳೆ. ತೀರ್ಪುಗಾರರಲ್ಲಿ ಹಿರಿಯರೊಬ್ಬರು ಮೈಕಿಗೆ ಬಾಗಿ ಕೇಳಿದರು: 'ತಮ್ಮಾ, ಇಷ್ಟು ಲೆಕ್ಕ ಯಾವ ಸಾಲ್ಯಾಗ ಕಲ್ತಿ?' ಅವನು ಜಗ್ಗಲಿಲ್ಲ. 'ಇದು ಗಣಿತ ಅಲ್ರಿ ಸರ, ಲೆಕ್ಕ!' ಅಂದ.

ಮುಂದಿನದು ಇನ್ನೂ ಚೆಂದ. ಫಲಿತಾಂಶ ಹೇಳಿದಾಗ 'ಬೇಕು' ತಂಡಕ್ಕೆ ಮೊದಲ ಬಹುಮಾನ. ಸಿವಿಲ್‌ನವನು ಅಂಕಪಟ್ಟಿ ತೋರಿಸಿ ಅಂತ ಹಟ ಹಿಡಿದ. ಮೂವರು ತೀರ್ಪುಗಾರರ ಅಂಕಗಳನ್ನು ನಿಂತಲ್ಲೇ ಬಾಯಲ್ಲಿ ಕೂಡಿಸಿ, ಒಂದು ಕಡೆ ದಶಕ ಒಯ್ಯುವುದು ಬಿಟ್ಟುಹೋಗಿದೆ ಎಂದು ತೋರಿಸಿಕೊಟ್ಟ. ಗಣಿತ ಬೇಡ ಎಂದು ವಾದಿಸಿದ ತಂಡ ಗಣಿತದಿಂದಲೇ ಗೆದ್ದು ಬಹುಮಾನ ತೆಗೆದುಕೊಂಡು ಹೋಯಿತು!

ಅಂದಿನಿಂದ ನನಗೊಂದು ಹುಚ್ಚು ಹತ್ತಿತು. ಸಿಕ್ಕಸಿಕ್ಕವರನ್ನೆಲ್ಲ ಈ ಪ್ರಶ್ನೆ ಕೇಳುವುದು. ಮೊದಲು ಸಿಕ್ಕವರು ಲಕ್ಷ್ಮೇಶ್ವರ ಬಸ್ಸಿನ ಕಂಡಕ್ಟರ್. ಟಿಕೆಟಿನ ಹಿಂದೆ ಚಿಲ್ಲರೆ ಬಾಕಿ ಬರೆದುಕೊಡುತ್ತಿದ್ದರು. 'ಮಷೀನ್ ಬಂದೈತಲ್ರಿ, ಈಗ ನಿಮಗ ಗಣಿತ ಯಾಕ?' ಅಂದೆ. ಅವರು ನಕ್ಕರು. 'ಶಕ್ತಿ ಯೋಜನೆ ಬಂದ ಮ್ಯಾಲ ಅರ್ಧ ಬಸ್ಸಿಗೆ ಸೊನ್ನಿ ರೂಪಾಯಿ ಟಿಕೆಟ್ ತಮ್ಮಾ. ಸೊನ್ನಿ ಕೂಡಸೂದೇನು ಭಾಳ ಸರಳ. ಆದ್ರ ಎಷ್ಟು ಸೊನ್ನಿ ಕೊಟ್ಟೆ ಅನ್ನೂದನ್ನ ಎಣಿಸಬೇಕಲ್ಲ. ಒಂದು ಸೊನ್ನಿ ಕಮ್ಮಿ ಬಿದ್ರ ಚೆಕಿಂಗ್‌ನವರು ನನಗ ಸೊನ್ನಿ ಸುತ್ತತಾರ.'

ಸೊನ್ನೆಯ ಮಹಿಮೆಯನ್ನು ಇಷ್ಟು ಸ್ಪಷ್ಟವಾಗಿ ಯಾವ ಪಠ್ಯಪುಸ್ತಕವೂ ನನಗೆ ಹೇಳಿರಲಿಲ್ಲ. ಸೊನ್ನೆ ಎಂದ ಕೂಡಲೇ ನೆನಪಾಗುವವನು ನಮ್ಮದೇ ನಾಡಿನ ಮಹಾವೀರಾಚಾರ್ಯ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, 'ಗಣಿತಸಾರಸಂಗ್ರಹ' ಬರೆದವನು. ಅದರ ಶುರುವಿನಲ್ಲೇ ಗಣಿತವನ್ನು ಹಾಡಿ ಹೊಗಳಿದ್ದಾನೆ. ಅಡುಗೆ, ಸಂಗೀತ, ಕಾವ್ಯ, ವೈದ್ಯ, ಮನೆ ಕಟ್ಟುವುದು ಎಲ್ಲದಕ್ಕೂ ಅದು ಬೇಕು ಎಂಬುದು ಅವನ ವಾದ. ಅಂದರೆ 'ಗಣಿತ ಬೇಕೆ?' ಎಂಬ ಪ್ರಶ್ನೆಯನ್ನು ಆಗಲೂ ಯಾರೋ ಕೇಳುತ್ತಿದ್ದಿರಬೇಕು! ಯಾರೂ ಕೇಳದೆ ಯಾವ ಮಾಸ್ತರರೂ ಅಷ್ಟುದ್ದ ಉತ್ತರ ಕೊಡುವುದಿಲ್ಲ.

ಆ ದೊಡ್ಡ ಗಣಿತಜ್ಞನೂ ಒಂದು ಕಡೆ ಎಡವಿದ. ಯಾವುದೇ ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಆ ಸಂಖ್ಯೆ ಇದ್ದ ಹಾಗೇ ಉಳಿಯುತ್ತದೆ ಎಂದುಬಿಟ್ಟ. ಮುಂದೆ 12ನೇ ಶತಮಾನದ ಭಾಸ್ಕರಾಚಾರ್ಯ ಅದು ಅನಂತ ಎಂದ. ನನಗೆ ಮಾತ್ರ ಮಹಾವೀರನ ಸೂತ್ರವೇ ಇಷ್ಟ. ಯಾಕೆಂದರೆ ಲಕ್ಷ್ಮೇಶ್ವರ, ಶಿರಹಟ್ಟಿಯ ಜನ ವರ್ಷಗಳಿಂದ ಗದಗ–ಯಲವಿಗಿ ರೈಲು ಮಾರ್ಗಕ್ಕಾಗಿ ಕಾಯುತ್ತಿದ್ದಾರೆ. ನಮ್ಮೂರ ಹುಡುಗನಿಗೆ ರೈಲಿನ ಲೆಕ್ಕ ಕೊಡಿ: ದೂರ 50 ಕಿಲೊಮೀಟರ್ ಎಂದಿಟ್ಟುಕೊಳ್ಳಿ, ರೈಲಿನ ವೇಗ ಸೊನ್ನೆ, ತಲುಪಲು ಎಷ್ಟು ಕಾಲ? ಭಾಸ್ಕರಾಚಾರ್ಯನ ಪ್ರಕಾರ ಅನಂತ ಕಾಲ. ಮಹಾವೀರನ ಪ್ರಕಾರ ಬರೀ 50 ತಾಸು! ಎರಡು ದಿನ ಎರಡು ತಾಸಿನಲ್ಲಿ ರೈಲು ಬಂದೇ ಬಿಡುತ್ತದೆ. ಇಂಥ ಆಶಾವಾದಿಯನ್ನು ತಪ್ಪು ಎನ್ನುವುದಾದರೂ ಹೇಗೆ?

ಅದೇ ನೃಪತುಂಗನ ಆಸ್ಥಾನದಲ್ಲೇ 'ಕವಿರಾಜಮಾರ್ಗ'ವೂ ಹುಟ್ಟಿತು. ಕನ್ನಡದ ತಿರುಳು ಇರುವ ನಾಡು ಎಂದು ಅದು ಗುರುತು ಹಾಕುವ ನಾಲ್ಕು ಊರುಗಳಲ್ಲಿ ಪುಲಿಗೆರೆಯೂ ಒಂದು. ಅದೇ ಇಂದಿನ ಲಕ್ಷ್ಮೇಶ್ವರ. ನಮ್ಮೂರವರು ಇದನ್ನು ಹೇಳಿಕೊಳ್ಳದ ಸಭೆಯಿಲ್ಲ, ನಾನೂ ಬಿಡುವವನಲ್ಲ. ಆದರೆ ಒಂದು ಗಮನಿಸಿ. ನಾಲ್ಕು ಊರುಗಳನ್ನು ನಾಲ್ಕು ಮೂಲೆ ಮಾಡಿ ಒಂದು ಭಾಷೆಯ ನಾಡನ್ನು ತೋರಿಸುವುದು ಚತುರ್ಭುಜ ಎಳೆದ ಹಾಗಲ್ಲವೆ? ಶಾಸನಗಳಲ್ಲಿ ನಮ್ಮ ಸೀಮೆಯ ಹೆಸರೇ 'ಪುಲಿಗೆರೆ ಮುನ್ನೂರು', ಪಕ್ಕದ ಗದಗ ಸೀಮೆ 'ಬೆಳ್ವೊಲ ಮುನ್ನೂರು'. ಊರಿನ ಹೆಸರಿನಲ್ಲೇ ಅಂಕಿ ಇಟ್ಟುಕೊಂಡು ಬದುಕಿದ ಮಂದಿ ನಾವು. 12ನೇ ಶತಮಾನದಲ್ಲಿ ರಾಜಾದಿತ್ಯ 'ವ್ಯವಹಾರಗಣಿತ', 'ಕ್ಷೇತ್ರಗಣಿತ' ಎಂದು ಅಚ್ಚ ವ್ಯವಹಾರದ ಲೆಕ್ಕಗಳನ್ನು ಕನ್ನಡದಲ್ಲೇ, ಪದ್ಯದಲ್ಲೇ ಬರೆದಿಟ್ಟ. ಇಂಗ್ಲಿಷ್ ಬಾರದೆ ಗಣಿತ ಬಾರದು ಎಂದುಕೊಂಡಿರುವ ನಮ್ಮ ಕ್ಲಾಸಿನ ಕನ್ನಡ ಮಾಧ್ಯಮದ ಹುಡುಗರಿಗೆ ಈ ಎರಡು ಪುಸ್ತಕಗಳ ಹೆಸರು ಹೇಳಿದರೇ ಎದೆ ಅರ್ಧ ಇಂಚು ಉಬ್ಬುತ್ತದೆ.

ಮುಂಡರಗಿ ತಾಲ್ಲೂಕಿನ ಡಂಬಳಕ್ಕೆ ಹೋಗಿದ್ದೀರಾ? ಹೋಗದಿದ್ದರೆ ಒಂದು ಭಾನುವಾರ ಹೋಗಿ. ಅಲ್ಲಿನ ದೊಡ್ಡಬಸಪ್ಪ ಗುಡಿಯ ಗರ್ಭಗುಡಿಯ ತಳವಿನ್ಯಾಸ 24 ಮೂಲೆಗಳ ನಕ್ಷತ್ರ. ನಾವು ಗೆಳೆಯರು ಹೋದಾಗ ಅದರ ಸುತ್ತ ಎಣಿಸುತ್ತ ಹೋಗಿ ಮೂರು ಸಲ ಎಣಿಕೆ ತಪ್ಪಿ ಜಗಳವಾಡಿದೆವು. ಹಾಸ್ಟೆಲಿಗೆ ಬಂದು ಕ್ಯಾಡ್ ಸಾಫ್ಟ್‌ವೇರ್‌ನಲ್ಲಿ ಬಿಡಿಸಲು ಕುಳಿತಾಗ ಗುಟ್ಟು ಗೊತ್ತಾಯಿತು. ಒಂದು ಚೌಕ ಹಾಕಿ. ಅದರ ನಡುಬಿಂದು ಅಲುಗದಂತೆ 15 ಡಿಗ್ರಿ ತಿರುಗಿಸಿ ಇನ್ನೊಂದು ಚೌಕ ಹಾಕಿ. ಹೀಗೆ ಆರು ಚೌಕ. ಆರು ನಾಲ್ಕಲೆ ಇಪ್ಪತ್ನಾಲ್ಕು ಮೂಲೆ, 360 ಡಿಗ್ರಿಯನ್ನು 24ರಿಂದ ಭಾಗಿಸಿದರೆ 15, ಎಲ್ಲೂ ಚೂರೂ ಉಳಿಯುವುದಿಲ್ಲ. ನಮಗೆ ಲ್ಯಾಪ್‌ಟಾಪು, ಕರೆಂಟು, ಒಂದು ಪ್ಲೇಟ್ ಮಿರ್ಚಿ ಭಜಿ ಬೇಕಾಯಿತು. ಒಂಬೈನೂರು ವರ್ಷದ ಹಿಂದೆ ಅದನ್ನು ಕಲ್ಲಿನಲ್ಲಿ ನಿಲ್ಲಿಸಿದವರಲ್ಲಿ ಲ್ಯಾಪ್‌ಟಾಪ್ ಇರಲಿಲ್ಲ. ಅವರಿಗೆ ಗಣಿತ ಬರುತ್ತಿತ್ತು ಎನ್ನಲು ನಾನು ಸಿದ್ಧ. ಆ ಗಣಿತವನ್ನು ಬೆಂಚಿನ ಮೇಲೆ ನಿಲ್ಲಿಸಿ ಕಲಿಸಿದ್ದರೇ ಎಂಬುದಷ್ಟೇ ಅನುಮಾನ.

ಬೆಂಚಿನ ಮಾತು ಬಂತು ನೋಡಿ. ಗಣಿತದ ಪುಸ್ತಕದ ಲೆಕ್ಕಗಳನ್ನು ಯಾವ ಊರಿನವರು ಬರೆಯುತ್ತಾರೋ ನನಗೆ ಹೊಳೆದಿಲ್ಲ. 'ಒಂದು ನಳವು ತೊಟ್ಟಿಯನ್ನು 6 ಗಂಟೆಗಳಲ್ಲಿ ತುಂಬಿಸುತ್ತದೆ, ಇನ್ನೊಂದು ನಳವು 8 ಗಂಟೆಗಳಲ್ಲಿ ಖಾಲಿ ಮಾಡುತ್ತದೆ' ಎಂದು ಓದಿದಾಗ ಬೆಟಗೇರಿಯ ಗೆಳೆಯನೊಬ್ಬ ಹೈಸ್ಕೂಲಿನಲ್ಲಿ ಎದ್ದು ನಿಂತು ಕೇಳಿದ್ದನಂತೆ: 'ಸರ, ನಳಾ ಎಂದ ಬರತೈತಿ ಅನ್ನೂದು ಲೆಕ್ಕದಾಗ ಕೊಟ್ಟಿಲ್ರಿ.' ಬೇಸಿಗೆಯಲ್ಲಿ ನಳದ ನೀರಿಗಾಗಿ ಎಂಟು ಹತ್ತು ದಿನ ಕೊಡ ಸಾಲಿಗಿಟ್ಟು ಕಾದ ಅವಳಿ ನಗರದ ಹುಡುಗ ಮತ್ತೇನು ಕೇಳಬೇಕು? ನೀರು ಬಂದ ದಿನ ಅವರ ಮನೆಯಲ್ಲಿ ಬಿಂದಿಗೆ, ಬ್ಯಾರೆಲ್, ಬಕೆಟ್, ಕೊನೆಗೆ ಸಾರಿನ ಪಾತ್ರೆಯವರೆಗೆ ಯಾವುದು ಮೊದಲು, ಯಾವುದು ಆಮೇಲೆ ಎಂದು ಅವರವ್ವ ಹಾಕುವ ಲೆಕ್ಕವನ್ನು ನಮ್ಮ ಸಿಲೆಬಸ್ಸಿನಲ್ಲಿ 'ಆಪ್ಟಿಮೈಸೇಶನ್' ಅಂತಾರೆ. ಅದಕ್ಕೆ ಹತ್ತು ಅಂಕ.

ನಮ್ಮಜ್ಜನದು ಬೇರೆಯೇ ತಕರಾರು. ನಾನು ಹೈಸ್ಕೂಲಿನಲ್ಲಿ 'ಬೀಜಗಣಿತ' ಓದುತ್ತಿದ್ದೇನೆ ಎಂದಾಗ ಅಜ್ಜ ಖುಷಿಯಿಂದ ಪಕ್ಕದಲ್ಲಿ ಬಂದು ಕುಳಿತಿದ್ದರು. 'ಹಂಗಾರ ಹೇಳು, ನಾಕು ಎಕರೆಗೆ ಹೆಸರು ಬಿತ್ತಾಕ ಎಷ್ಟು ಕೆಜಿ ಬೀಜ ಬೇಕು?' ನಾನು ಎಕ್ಸ್ ಮತ್ತು ವೈ ತೋರಿಸಿದೆ. ಅಜ್ಜ ಪುಟ ತಿರುವಿ ತಿರುವಿ ನೋಡಿದರು. 'ಒಂದೂ ಬೀಜ ಇಲ್ಲಲ್ಲೋ ಇದ್ರಾಗ!' ಎಂದು ಎದ್ದು ಹೋದರು. ಅದೇ ಅಜ್ಜ ಎಕರೆಗೆ ನಲವತ್ತು ಗುಂಟೆ, ಗುಂಟೆಗೆ ಹದಿನಾರು ಆಣೆ ಎಂದು ಹೊಲದ ಪಾಲನ್ನು ನಾಲ್ವರು ಅಣ್ಣತಮ್ಮಂದಿರ ನಡುವೆ ಆಣೆಯವರೆಗೆ ಬಾಯಲ್ಲೇ ಹಂಚಿದವರು. ಒಂದು ಗುಂಟೆ ಎಂದರೆ 33 ಅಡಿಗೆ 33 ಅಡಿ, 1,089 ಚದರ ಅಡಿ. ಅದನ್ನು ನಾಲ್ವತ್ತರಿಂದ ಗುಣಿಸಿದರೆ ಒಂದು ಎಕರೆಯ 43,560 ಚದರ ಅಡಿ ಸರಿಯಾಗಿ ಬರುತ್ತದೆ. ಆರನೇ ಸೆಮಿಸ್ಟರಿನ ಸಿವಿಲ್ ಹುಡುಗರಲ್ಲಿ ಎಷ್ಟು ಮಂದಿಗೆ ಇದು ಬಾಯಿಗೆ ಬರುತ್ತದೆ ಕೇಳಿ ನೋಡಿ. ಬೇಡ, ಕೇಳಬೇಡಿ.

ಇನ್ನು ಕ್ರಿಕೆಟ್. 2024ರ ಮೇ 18ರ ರಾತ್ರಿ ನಮ್ಮ ಹಾಸ್ಟೆಲಿನಲ್ಲಿ ಗಣಿತದ ಬ್ಯಾಕ್ ಪೇಪರ್ ಉಳಿಸಿಕೊಂಡವರೆಲ್ಲ ಒಂದೇ ಟಿವಿಯ ಮುಂದೆ ಇದ್ದರು. ಆರ್‌ಸಿಬಿ 218 ಹೊಡೆದಿತ್ತು. ಬರೀ ಗೆದ್ದರೆ ಸಾಲದು, ಚೆನ್ನೈಯನ್ನು 200ರೊಳಗೆ ಹಿಡಿಯಬೇಕು, ಆಗಲೇ ನೆಟ್ ರನ್‌ರೇಟ್ ದಾಟುತ್ತದೆ. ಪ್ರತಿ ಚೆಂಡಿಗೂ ಭಾಗಾಕಾರ! ದಶಮಾಂಶದ ಮೂರನೇ ಸ್ಥಾನದವರೆಗೆ! ಕೊನೆಗೆ 27 ರನ್‌ಗಳ ಗೆಲುವು ಬಂದಾಗ ಅವರೆಲ್ಲ ಕುಣಿದದ್ದು ನೋಡಿ ನಮ್ಮ ವಾರ್ಡನ್ 'ಇದ್ರ ಅರ್ಧ ಲೆಕ್ಕ ಪೇಪರ್‌ನ್ಯಾಗ ಮಾಡಿದ್ರ…' ಎಂದು ಅರ್ಧಕ್ಕೇ ಬಿಟ್ಟರು. ಗದಗಿನ ಸುನೀಲ್ ಜೋಶಿ 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ಮೇಲೆ ಮಾಡಿದ ಬೌಲಿಂಗ್ 10 ಓವರ್, 6 ಮೇಡನ್, 6 ರನ್, 5 ವಿಕೆಟ್. ಓವರಿಗೆ 0.6 ರನ್. ನಮ್ಮ ಜಿಲ್ಲೆಯ ಯಾವ ಹುಡುಗನೂ ಈ ದಶಮಾಂಶ ಕೇಳಿ ಬೆವತದ್ದಿಲ್ಲ.

ಹಾಗಾದರೆ ಬೇಡವಾದದ್ದು ಯಾವುದು? ಲೆಕ್ಕವಂತೂ ಅಲ್ಲ. 1964-66ರ ಕೊಠಾರಿ ಆಯೋಗ ಮೊದಲ ಹತ್ತು ವರ್ಷ ಗಣಿತ, ವಿಜ್ಞಾನ ಎಲ್ಲ ಮಕ್ಕಳಿಗೂ ಕಡ್ಡಾಯವಾಗಿರಲಿ ಎಂದಿತು. ಒಳ್ಳೆಯ ಉದ್ದೇಶ, ಎಲ್ಲರಿಗೂ ಒಂದೇ ಬಾಗಿಲು ತೆರೆಯಬೇಕು ಎಂಬುದು. ತೆರೆದ ಬಾಗಿಲಿನಲ್ಲಿ ಪರೀಕ್ಷೆ ಎಂಬ ಕಾವಲುಗಾರ ಬಂದು ನಿಂತ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಜೊತೆ ಬಂದ ಗಣಿತ ಕಲಿಕೆಯ ವರದಿ ಇದನ್ನೇ ಗುರುತಿಸಿತು: ಬಹಳಷ್ಟು ಮಕ್ಕಳಿಗೆ ಗಣಿತ ಅಂದರೆ ಭಯ, ಸೋಲಿನ ಭಾವನೆ. ಸೂತ್ರ ತುಂಬುವುದಕ್ಕಿಂತ ಗಣಿತದ ಹಾಗೆ ಯೋಚಿಸುವುದನ್ನು ಕಲಿಸಿ ಎಂದಿತು. ಸಿಬಿಎಸ್‌ಇಯವರು ಹತ್ತನೇ ತರಗತಿಗೆ 2020ರ ಪರೀಕ್ಷೆಯಿಂದ 'ಬೇಸಿಕ್' ಮತ್ತು 'ಸ್ಟ್ಯಾಂಡರ್ಡ್' ಎಂದು ಎರಡು ಗಣಿತ ಮಾಡಿದರು. ಮುಂದೆ ಗಣಿತ ಓದದವರಿಗೆ ಸುಲಭದ ಪೇಪರ್. ನಮ್ಮ ರಾಜ್ಯದ ಹುಡುಗನಿಗೆ ಎಲ್ಲರದ್ದೂ ಒಂದೇ ಪೇಪರ್.

ಅಮೆರಿಕದಲ್ಲಿ ಒಬ್ಬ ಪುಣ್ಯಾತ್ಮ ನಿಜವಾಗಿಯೂ ಗಣಿತ ನಿಲ್ಲಿಸಿ ನೋಡಿದ್ದಾನೆ. ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಮ್ಯಾಂಚೆಸ್ಟರ್ ಊರಿನ ಶಾಲೆಗಳ ಮೇಲ್ವಿಚಾರಕ ಲೂಯಿ ಬೆನೆಜೆ 1929ರಲ್ಲಿ ಕೆಲವು ತರಗತಿಗಳಲ್ಲಿ ಆರನೇ ಇಯತ್ತೆಯವರೆಗೆ ಗಣಿತದ ಪಾಠವನ್ನೇ ತೆಗೆದುಬಿಟ್ಟ. ಅದರ ಬದಲು ಓದುವುದು, ಮಾತಾಡುವುದು, ಉದ್ದ-ದೂರ-ಹೊತ್ತುಗಳನ್ನು ಅಂದಾಜು ಮಾಡುವುದು. ಆರನೇ ತರಗತಿಯಲ್ಲಿ ಕಲಿಸಲು ಹಿಡಿದಾಗ ಆ ಮಕ್ಕಳು ವರ್ಷದೊಳಗೆ ಉಳಿದವರ ಸಮಕ್ಕೆ ಬಂದರು ಎಂದು ಅವನೇ ಬರೆದಿದ್ದಾನೆ. ಆ ಶಾಲೆಗಳು ಬಹಳ ಮಟ್ಟಿಗೆ ಬಡ ವಲಸಿಗರ ಮಕ್ಕಳವು. ಇದನ್ನು ಹೇಳಿದಾಗ ನನ್ನ ರೂಮ್‌ಮೇಟ್ 'ನಮ್ಮ ಕಡೆ ಯಾಕ ಹುಟ್ಟಲಿಲ್ಲೋ ಅಂವ!' ಎಂದು ಹಣೆ ಚಚ್ಚಿಕೊಂಡ. ನಾನು ಅಷ್ಟು ಒಪ್ಪುವವನಲ್ಲ. ಬೆನೆಜೆ ನಿಲ್ಲಿಸಿದ್ದು ಬಾಯಿಪಾಠದ ಗಣಿತವನ್ನು. ಅಂದಾಜು ಕಟ್ಟುವುದನ್ನು ಮೊದಲ ದಿನದಿಂದಲೇ ಕಲಿಸಿದ.

ಅಲ್ಲದೆ ನಾವು ಗಣಿತ ಬಿಟ್ಟರೂ ಅದು ನಮ್ಮನ್ನು ಬಿಡಬೇಕಲ್ಲ! ಎಸ್ಸೆಸ್ಸೆಲ್ಸಿ ದಾಟಿದ ದಿನ ಗಣಿತದ ಪುಸ್ತಕವನ್ನು ಬೆಲ್ಲದ ಗಿರಾಕಿಗೆ ಕಟ್ಟಲು ಕಿರಾಣಿ ಅಂಗಡಿಗೆ ಕೊಟ್ಟು ಬಿಎ ಸೇರಿದವರು ಆರು ವರ್ಷದ ಮೇಲೆ ಧಾರವಾಡದ ಸಪ್ತಾಪುರಕ್ಕೆ ಹೋಗುತ್ತಾರೆ, ಪಿಎಸ್‌ಐ, ಎಫ್‌ಡಿಎ, ಬ್ಯಾಂಕ್ ಪರೀಕ್ಷೆಗಳ ಕೋಚಿಂಗಿಗೆ. ಅಲ್ಲಿ 'ಮಾನಸಿಕ ಸಾಮರ್ಥ್ಯ' ಎಂದು ವೇಷ ಬದಲಿಸಿಕೊಂಡು ಅದೇ ನಳ, ಅದೇ ತೊಟ್ಟಿ, ಅದೇ ಎದುರುಬದುರು ಬರುವ ರೈಲುಗಳು ಕಾಯುತ್ತಿರುತ್ತವೆ. ಈ ಸಲ ಫೀ ಕೊಟ್ಟು ಕಲಿಯಬೇಕು.

ಇಷ್ಟು ಹೊತ್ತು ನಗುತ್ತ ಬರೆದೆ. ನಮ್ಮ ಓಣಿಯ ಅಕ್ಕನ ಮಾತು ಬಂದರೆ ಅಷ್ಟು ನಗು ಬರುವುದಿಲ್ಲ. ನನಗಿಂತ ಐದಾರು ವರ್ಷ ದೊಡ್ಡವಳು. ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡದಲ್ಲಿ ನೂರರ ಮೇಲೆ, ಸಮಾಜದಲ್ಲಿ ಎಂಬತ್ತರ ಹತ್ತಿರ, ಗಣಿತದಲ್ಲಿ 27. ಮತ್ತೊಮ್ಮೆ ಕಟ್ಟಿದಳು, ಮತ್ತೂ ಒಮ್ಮೆ ಕಟ್ಟಿದಳು. ಮೂರನೇ ಸಲ ಫೇಲಾದಾಗ ಮನೆಯವರು ಪುಸ್ತಕ ಕಟ್ಟಿಟ್ಟು ಲಗ್ನ ಮಾಡಿದರು. ಒಂದು ವಿಷಯ, ಎಂಟು ಅಂಕ. ಉಳಿದ ಐದು ವಿಷಯಗಳು ಅವಳ ಪರವಾಗಿ ಸಾಕ್ಷಿ ಹೇಳಿದರೂ ಯಾರೂ ಕೇಳಲಿಲ್ಲ.

ಈಗ ಅವಳು ಹೊಲಿಗೆ ಮಾಡುತ್ತಾಳೆ. ಮಹಿಳಾ ಸ್ವಸಹಾಯ ಸಂಘದ ಪುಸ್ತಕವೂ ಅವಳದೇ ಕೈಯಲ್ಲಿ. ಹದಿನಾಲ್ಕು ಮಂದಿಯ ವಾರದ ಉಳಿತಾಯ, ಸಾಲ, ಬಡ್ಡಿ, ಕಂತು. ಬ್ಯಾಂಕಿನವರ ಲೆಕ್ಕಕ್ಕೂ ಅವಳ ಲೆಕ್ಕಕ್ಕೂ ಒಂದು ರೂಪಾಯಿ ವ್ಯತ್ಯಾಸ ಬಂದರೆ ಓಣಿಯವರು ಬ್ಯಾಂಕಿನದೇ ತಪ್ಪು ಅಂತಾರೆ. ಇಂಥ ಪುಸ್ತಕಕ್ಕೆ ನಮ್ಮ ಜಿಲ್ಲೆಯಲ್ಲಿ ಹಳೆಯ ಮರ್ಯಾದೆಯಿದೆ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲೇ 1905ರಲ್ಲಿ ಸಿದ್ದನಗೌಡ ಪಾಟೀಲರು ಊರವರನ್ನು ಕೂಡಿಸಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದು. ರೈತರು ಸಾಹುಕಾರರ ಬಡ್ಡಿಯಿಂದ ಬಿಡಿಸಿಕೊಳ್ಳಲು ಹಿಡಿದ ದಾರಿ ಅದು, ಪೈಸೆ ಪೈಸೆ ಎಣಿಸುವ ದಾರಿ.

ಹೋದ ವರ್ಷ ಓಣಿಗೆ ಸಾಲ ಕೊಡುವವನೊಬ್ಬ ಬಂದ. ಐವತ್ತು ಸಾವಿರ, ವರ್ಷಕ್ಕೆ ಬರೀ ಹನ್ನೆರಡು ಪರ್ಸೆಂಟ್, ಎರಡು ವರ್ಷಕ್ಕೆ ಹನ್ನೆರಡು ಸಾವಿರ ಬಡ್ಡಿ ಸೇರಿಸಿ ಇಪ್ಪತ್ನಾಲ್ಕು ಸಮ ಕಂತು. ತಿಂಗಳಿಗೆ 2,583 ಚಿಲ್ಲರೆ. ಎಲ್ಲರೂ ಆಧಾರ್ ಕಾರ್ಡ್ ತರಲು ಒಳಗೆ ಹೋದರು. ನಮ್ಮ ಕಡೆ ನೂರಕ್ಕೆ ಎರಡು, ಮೂರು ರೂಪಾಯಿ ಬಡ್ಡಿ ಎಂದು ತಿಂಗಳ ಲೆಕ್ಕದಲ್ಲಿ ಮಾತಾಡುವ ರೂಢಿ, ಅಂದರೆ ವರ್ಷಕ್ಕೆ 24, 36. ಅದರ ಮುಂದೆ 12 ಎಂದರೆ ಯಾರಿಗೆ ಬೇಡ? ಅಕ್ಕ ಮಾತ್ರ ಮಷಿನ್ನಿನ ಗಾಲಿ ನಿಲ್ಲಿಸಿ ಕೇಳಿದಳಂತೆ: 'ಅಣ್ಣಾರ, ತಿಂಗಳಾ ತಿಂಗಳಾ ನಾವು ಅಸಲು ಕಟಗೋತ ಬರತೀವಿ. ಅಸಲು ಕಮ್ಮಿ ಆದಂಗ ಬಡ್ಡಿ ಯಾಕ ಕಮ್ಮಿ ಆಗಂಗಿಲ್ಲ? ಸರಾಸರಿ ಹಿಡಿದ್ರ ನಮ್ಮ ಕೈಯಾಗ ಇರೂದು ಅರ್ಧಾ ರೊಕ್ಕ. ಅರ್ಧಾ ರೊಕ್ಕಕ್ಕ ಪೂರಾ ಬಡ್ಡಿ ಅಂದ್ರ ಹನ್ನೆರಡಲ್ಲ, ಅದರ ಡಬಲ್ ಹತ್ರ ಬಂತು.'

ನನಗೆ ಇದನ್ನು ಹೇಳಿದಾಗ ನಾನು ಎಕ್ಸೆಲ್‌ನಲ್ಲಿ ಹಾಕಿ ನೋಡಿದೆ. ಇಳಿಯುವ ಅಸಲಿನ ಮೇಲೆ ಲೆಕ್ಕ ಹಾಕಿದರೆ ಆ ಸಾಲದ ಬಡ್ಡಿ ವರ್ಷಕ್ಕೆ ಸುಮಾರು ಶೇ 21.6. ಹೊಲಿಗೆ ಮಷಿನ್ನಿನ ಮುಂದೆ ಕುಳಿತು ಬಾಯಲ್ಲಿ ಹಾಕಿದ ಅಂದಾಜು ಕಂಪ್ಯೂಟರಿಗೆ ಅಷ್ಟು ಹತ್ತಿರ! ಸಾಲ ವಸೂಲಿಯ ಕಿರುಕುಳದ ಸುದ್ದಿಗಳು ಹೆಚ್ಚಾಗಿ 2025ರಲ್ಲಿ ಸರ್ಕಾರ ಕಿರುಸಾಲದ ವಸೂಲಿಗೆ ಕಡಿವಾಣ ಹಾಕಲು ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಅಂಥ ಹೊತ್ತಿನಲ್ಲಿ ಒಂದು ಓಣಿಯನ್ನು ಉಳಿಸಿದ ಗಣಿತಕ್ಕೆ ಯಾವ ಮಾರ್ಕ್ಸ್ ಕಾರ್ಡ್ ಕೊಡಬೇಕು? ಸರಳಬಡ್ಡಿ, ಚಕ್ರಬಡ್ಡಿಯ ಸೂತ್ರ ನಾವೆಲ್ಲ ಶಾಲೆಯಲ್ಲಿ ಬರೆದಿದ್ದೇವೆ. ಸಾಲದವನು ಬಾಗಿಲಿಗೆ ಬಂದಾಗ ಯಾವ ಪ್ರಶ್ನೆ ಕೇಳಬೇಕು ಎಂದು ಮಾತ್ರ ಯಾವ ಪುಸ್ತಕದಲ್ಲೂ ನಾನು ಓದಿದ ನೆನಪಿಲ್ಲ.

ಈಗ ಅಕ್ಕ ಮತ್ತೆ ಪರೀಕ್ಷೆಗೆ ಕಟ್ಟಿದ್ದಾಳೆ. ಅಂಗನವಾಡಿ ಸಹಾಯಕಿ ಹುದ್ದೆಗೆ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ಮೂವತ್ತು ಬಂದರೆ ಸಾಕು, ಅವಳ ಹಳೆಯ ಇಪ್ಪತ್ತೇಳಕ್ಕೆ ಇನ್ನು ಮೂರು. ಶನಿವಾರ ಊರಿಗೆ ಹೋದಾಗ ನಾನೇ ಮಾಸ್ತರ. ಹೋದ ವಾರ ತ್ರಿಕೋನಮಿತಿಗೆ ಬಂದೆವು. 'ಇದು ಯಾವ ಸಂಘಕ್ಕ ಉಪಯೋಗ ಆಗತೈತೋ ತಮ್ಮಾ, ಈ ಸೈನ್ ಥೀಟಾ?' ಎಂದು ಪುಸ್ತಕ ಮುಚ್ಚಿದಳು. ನನಗೂ ಉತ್ತರ ಹೊಳೆಯಲಿಲ್ಲ. ಹೊರಗೆ ಕರೆದುಕೊಂಡು ಬಂದು ಮನೆ ಮುಂದಿನ ಕರೆಂಟ್ ಕಂಬ ತೋರಿಸಿ, ಹತ್ತದೆ ಇದರ ಎತ್ತರ ಹೇಳಬೇಕು ಅಂದೆ.

ಅಕ್ಕ ಸ್ವಲ್ಪ ಹೊತ್ತು ಕಂಬವನ್ನೂ ಅದರ ನೆರಳನ್ನೂ ನೋಡಿದಳು. ಒಳಗೆ ಹೋಗಿ ಇಂಚು ಟೇಪ್ ಮತ್ತು ಒಂದು ಕೋಲು ತಂದಳು. ಕೋಲು ಮೂವತ್ತು ಇಂಚು, ನಿಲ್ಲಿಸಿದರೆ ಅದರ ನೆರಳು ಇಪ್ಪತ್ತು. ಕಂಬದ ನೆರಳು ಅರವತ್ತು ಇಂಚಿನ ಟೇಪಿನಲ್ಲಿ ನಾಲ್ಕು ಟೇಪು, ಅಂದರೆ ಇಪ್ಪತ್ತು ಅಡಿ. 'ನೆರಳಿನ ಒಂದೂವರಿ ಪಟ್ಟು ಕೋಲು. ಹಂಗಾರ ಕಂಬ ಮೂವತ್ತು ಅಡಿ. ಹೌದಿಲ್ಲೋ?'

'ಹೌದಕ್ಕ. ಆ ಒಂದೂವರೆಗೇ ಟ್ಯಾನ್ ಥೀಟಾ ಅಂತಾರ.'

ಅವಳು ಟೇಪ್ ಸುತ್ತುತ್ತ ನನ್ನನ್ನು ದಿಟ್ಟಿಸಿ ನೋಡಿದಳು. 'ಇಷ್ಟs ಏನು? ಮತ್ತ ಎಂಟು ವರ್ಷದ ಹಿಂದ ಯಾಕ ಹಿಂಗ ಹೇಳಲಿಲ್ಲ ಯಾರೂ?'

ಸೈನ್, ಕಾಸ್ ಇನ್ನೂ ಉಳಿದಿವೆ. ಮುಂದಿನ ಶನಿವಾರಕ್ಕೆ ಬ್ಲೌಸಿನ ಕಟಿಂಗ್ ಪೇಪರ್ ತೆಗೆದಿಡುತ್ತೇನೆ ಎಂದಿದ್ದಾಳೆ. ಅದರಲ್ಲಿ ಮೂಲೆಗಳು ಬಹಳ ಇರುತ್ತವಂತೆ.